ವಕೀಲರನ್ನು ಕೇಳಿ: ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ (ದಾವಣಗೆರೆ ಗುಂಪಿನ ಪ್ರಶ್ನೋತ್ತರ)

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ನವೆಂಬರ್ 26, ಸಂವಿಧಾನ ದಿನ. ದಾವಣಗೆರೆ ಕೋರ್ಟಿನಲ್ಲಿ ವಕೀಲಿ ಮಾಡುವ ನಮ್ಮ ಗುಂಪಿನ ಮೇಡಂ ಸಂಜೆ 7ರಿಂದ ಉತ್ತರ ಕೊಡುತ್ತಾರೆ. ಸರ್ಕಾರ, ಸದನ, ಕೋರ್ಟು, ಯಾರ ಕೆಲಸ ಯಾವುದು ಅಂತ ಕೇಳಿ. ಪಕ್ಷದ ಮಾತು ಬೇಡ.

ವಿದ್ಯಾನಗರದ ಕೆಎಎಸ್ ಅಭ್ಯರ್ಥಿ: ಮೇಡಂ, ಮೂರೂ ಅಂಗ ಬೇರೆ ಬೇರೆ ಅಂತ ಓದಿದ್ದೇವೆ. ಆದರೆ ಮಂತ್ರಿಗಳು ಶಾಸಕರೂ ಆಗಿರುತ್ತಾರಲ್ವಾ?

ವಕೀಲರು: ಹೌದು. ಅಮೆರಿಕದಲ್ಲಿ ಮಂತ್ರಿಯಾದವರು ಸದನದ ಸದಸ್ಯರಾಗಿರುವಂತಿಲ್ಲ. ನಮ್ಮಲ್ಲಿ ಉಲ್ಟಾ. ಸದಸ್ಯರಲ್ಲದವರು ಮಂತ್ರಿಯಾದರೆ 6 ತಿಂಗಳೊಳಗೆ ಯಾವುದಾದರೂ ಒಂದು ಸದನದ ಸದಸ್ಯರಾಗಬೇಕು, ಇಲ್ಲದಿದ್ದರೆ ಕುರ್ಚಿ ಬಿಡಬೇಕು. ಸಂವಿಧಾನದ 164ನೇ ವಿಧಿ ನೋಡಿ. ಸಂಪುಟ ವಿಧಾನಸಭೆಗೆ ಉತ್ತರ ಹೇಳಬೇಕು, ಅದಕ್ಕೇ ಈ ಏರ್ಪಾಡು. ಗೋಡೆ ಗಟ್ಟಿಯಾಗಿರುವುದು ಕೋರ್ಟಿನ ಸುತ್ತ. ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರೆ ಇಡಬೇಕು ಅಂತ 50ನೇ ವಿಧಿ ಹೇಳುತ್ತದೆ.

ಹೊನ್ನಾಳಿ ರೈತರು: ಶಾಸಕರು ಜಡ್ಜ್‌ಗೆ ಒಂದು ಪತ್ರ ಕೊಟ್ಟರೆ ಕೇಸ್ ಬೇಗ ಮುಗಿಯುತ್ತಾ?

ವಕೀಲರು: ಇಲ್ಲ. ಹಾಗೆ ಪತ್ರ ಕೊಡುವುದೇ ತಪ್ಪು.

ಜಗಳೂರಿನ ಸಹೋದರಿ: ಅಕ್ಕಾರೆ, ನಮ್ಮಮ್ಮ ತವರಿನ ಜಮೀನಲ್ಲಿ ಪಾಲು ಕೇಳಿ ಜಗಳೂರು ಕೋರ್ಟಿನಲ್ಲಿ ದಾವೆ ಹಾಕಿದ್ದರು. ವಜಾ ಆಯಿತು. ತೀರ್ಪು ಬಂದು 24 ದಿನ. "ರಾಷ್ಟ್ರಪತಿಗೆ ರಿಜಿಸ್ಟರ್ ಪೋಸ್ಟ್‌ನಲ್ಲಿ ಅರ್ಜಿ ಹಾಕಿದರೆ ಯಾವ ಕೋರ್ಟಿನ ತೀರ್ಪೂ ರದ್ದಾಗುತ್ತದೆ, ಖರ್ಚಿಲ್ಲ" ಅಂತ ವಾಟ್ಸಾಪ್‌ನಲ್ಲಿ ಬಂತು. ಹಾಕಿದ್ದೇವೆ. ಉತ್ತರ ಬರಲು ಎಷ್ಟು ದಿನ ಬೇಕು?

ವಕೀಲರು: ತಂಗಿ, ಇದನ್ನು ಪೂರ್ತಿ ಓದಿ, ಅಮ್ಮನಿಗೂ ಓದಿ ಹೇಳಿ. ಆ ಉತ್ತರಕ್ಕೆ ಕಾಯಬೇಡಿ.

ರಾಷ್ಟ್ರಪತಿಗಳಿಗೆ 72ನೇ ವಿಧಿಯಲ್ಲಿ ಕ್ಷಮಾದಾನದ ಅಧಿಕಾರ ಇದೆ. ಅದು ಅಪರಾಧಕ್ಕೆ ಆದ ಶಿಕ್ಷೆಗೆ ಮಾತ್ರ. ರಾಜ್ಯಪಾಲರಿಗೆ 161ರಲ್ಲಿ ಇರುವುದೂ ಅಂಥದ್ದೇ. ನಿಮ್ಮದು ಜಮೀನಿನ ಪಾಲು. ಅಲ್ಲಿ ಶಿಕ್ಷೆಯೇ ಇಲ್ಲ, ಕ್ಷಮಿಸುವುದು ಏನನ್ನು? ಮುಖ್ಯಮಂತ್ರಿ, ಡಿಸಿ, ಶಾಸಕರು, ಯಾರೂ ಆ ತೀರ್ಪನ್ನು ಮುಟ್ಟುವಂತಿಲ್ಲ. ವಿಧಾನಸಭೆ ಬೇಕಾದರೆ ಕಾನೂನು ಬದಲಾಯಿಸಬಹುದು. ಆದರೆ ಇಂಥವರ ದಾವೆಯಲ್ಲಿ ಇಂಥವರೇ ಗೆದ್ದರು ಅಂತ ಹೇಳುವಂತಿಲ್ಲ. ಕೆಳಗಿನ ಕೋರ್ಟಿನ ತೀರ್ಪು ತಪ್ಪು ಅಂತ ಹೇಳುವವರು ಮೇಲಿನ ಕೋರ್ಟಿನವರೇ. ಇದು ಇಲ್ಲದಿದ್ದರೆ ನಿಮ್ಮ ಮಾವಂದಿರು ದೊಡ್ಡವರ ಕಾಲು ಹಿಡಿದು ನಾಳೆ ನಿಮ್ಮ ಗೆಲುವನ್ನೂ ಕಿತ್ತುಕೊಳ್ಳಬಹುದಿತ್ತು.

ಈಗ ನನ್ನ ಆತಂಕ ದಿನದ ಲೆಕ್ಕದ್ದು. ಜಿಲ್ಲೆಯ ಒಳಗಿನ ಮೇಲಿನ ಕೋರ್ಟಿಗೆ ಅಪೀಲು ಹಾಕಲು 30 ದಿನ. ಹೈಕೋರ್ಟಿಗಾದರೆ 90. ನಿಮ್ಮದು 30ರದ್ದು ಅಂತಲೇ ಇಟ್ಟುಕೊಂಡು ಓಡಿ. ನಕಲು ಅರ್ಜಿ, ಅಂದರೆ ತೀರ್ಪಿನ ದೃಢೀಕೃತ ಪ್ರತಿ ಕೊಡಿ ಅಂತ ಕೋರ್ಟಿಗೆ ಕೊಡುವ ಅರ್ಜಿ, ಹಾಕಿದ್ದೀರಾ? ಹಾಕಿದ ಮೇಲೆ ನಕಲು ತಯಾರಾಗಲು ಹಿಡಿದ ದಿನಗಳನ್ನು ಈ 30ರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಕುವವರೆಗಿನ ದಿನ ನಿಮ್ಮ ಲೆಕ್ಕಕ್ಕೇ. ಕೈಗೆ ಬಂದ ನಕಲಿನ ಮೇಲೆ ಒಂದು ಮೊಹರು ಇರುತ್ತದೆ: ಅರ್ಜಿ ಹಾಕಿದ ದಿನ, ನಕಲು ಸಿದ್ಧವಾದ ದಿನ, ಕೊಟ್ಟ ದಿನ. ಶಾಯಿ ಹರಡಿ ಅಂಕಿ ಕಾಣದಿದ್ದರೆ ಅಲ್ಲೇ ನಿಂತು ಸರಿ ಮಾಡಿಸಿ. ಅಪೀಲಿನ ಲೆಕ್ಕ ನಿಲ್ಲುವುದು ಆ ಅಂಕಿಗಳ ಮೇಲೆ.

ಅಪೀಲಿನ ಜೊತೆಗೇ, ಜಮೀನು ಮಾರದಂತೆ ತಡೆಯಾಜ್ಞೆಯನ್ನೂ ಕೇಳಿ. ಖರ್ಚಿನ ಚಿಂತೆ ಬೇಡ. ಹೆಂಗಸರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕು ಅಂತ 1987ರ ಕಾನೂನು ಸೇವೆಗಳ ಕಾಯ್ದೆಯಲ್ಲೇ ಇದೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ.

ಚನ್ನಗಿರಿ ಅಡಿಕೆ ಬೆಳೆಗಾರರು: ಆ ಮೆಸೇಜ್ ನನಗೂ ಬಂದಿದೆ. ಕೆಳಗೆ ಸುಪ್ರೀಂ ಕೋರ್ಟಿನ ಲಾಂಛನ ಇದೆ. ಅರ್ಜಿ ಹಾಕಲೇ?

ವಕೀಲರು: ಹಾಕಬೇಡಿ. ಲಾಂಛನ ಯಾರು ಬೇಕಾದರೂ ಅಂಟಿಸುತ್ತಾರೆ. ಇಂಥದ್ದನ್ನು ನಂಬಿ ಅವಧಿ ಕಳೆದುಕೊಂಡು ಬಂದವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಫಾರ್ವರ್ಡ್ ಮಾಡಿದವರು ಅವರ ಜೊತೆ ಕೋರ್ಟಿಗೆ ಬರಲಿಲ್ಲ.

ಹರಿಹರದ ಮೇಷ್ಟ್ರು: ಮೇಡಂ, ರಾಜ್ಯಪಾಲರು ಮಸೂದೆಗೆ ಸಹಿ ಹಾಕದೆ ಇಟ್ಟುಕೊಂಡರೆ ಏನು ದಾರಿ?

ನಿಟ್ಟುವಳ್ಳಿ ಸದಸ್ಯರು: ಕೋರ್ಟಿನದೇ ಜಾಸ್ತಿ ಆಗಿದೆ ಈಗ. ಓಟು ಹಾಕಿಸಿಕೊಳ್ಳದವರು ಸಂಸತ್ತು ಮಾಡಿದ ಕಾನೂನು ಹೊಡೆದು ಹಾಕುವುದು ಯಾವ ನ್ಯಾಯ?

ಹರಿಹರದ ಮೇಷ್ಟ್ರು: ಓಟು ಬಿದ್ದ ಮಾತ್ರಕ್ಕೆ ಏನು ಬೇಕಾದರೂ ಮಾಡಬಹುದಾ? 1973ರಲ್ಲಿ ಕೇಶವಾನಂದ ಭಾರತಿ ಕೇಸಲ್ಲಿ 13 ಜನ ಜಡ್ಜ್‌ಗಳು ಕೂತು ಹೇಳಿದ್ದಾರೆ. ತಿದ್ದುಪಡಿ ಮಾಡಿ, ಸಂವಿಧಾನದ ಮೂಲ ರಚನೆ ಕೆಡಿಸಬೇಡಿ ಅಂತ.

ನಿಟ್ಟುವಳ್ಳಿ ಸದಸ್ಯರು: 7 ಜನ ಒಂದು ಕಡೆ, 6 ಜನ ಇನ್ನೊಂದು ಕಡೆ. ಒಬ್ಬರ ಮಾತಿನ ಮೇಲೆ ದೇಶ ನಡೆಯಬೇಕಾ ಮೇಷ್ಟ್ರೇ?

ಹರಿಹರದ ಮೇಷ್ಟ್ರು: ವಿಧಾನಸಭೆಯಲ್ಲೂ ಒಂದು ಓಟಿನಲ್ಲಿ ಸರ್ಕಾರ ಬೀಳುತ್ತದೆ. ಅದನ್ನು ಒಪ್ಪುತ್ತೀರಿ. ಇದನ್ನು ಯಾಕೆ ಒಪ್ಪಲ್ಲ? ನಮ್ಮ ರಾಜ್ಯದ್ದೇ ನೋಡಿ. 1989ರಲ್ಲಿ ಆಗಿನ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರಿಗೆ ಸದನದಲ್ಲಿ ಬಹುಮತ ತೋರಿಸಲು ಬಿಡದೆ ಸರ್ಕಾರ ವಜಾ ಮಾಡಿದರು. ಬಹುಮತದ ಪರೀಕ್ಷೆ ಸದನದಲ್ಲೇ ಆಗಬೇಕು ಅಂತ ಕಾಪಾಡಿದ್ದು ಕೋರ್ಟೇ.

ನಿಟ್ಟುವಳ್ಳಿ ಸದಸ್ಯರು: 1994ರಲ್ಲಿ! ಅಷ್ಟರಲ್ಲಿ ಚುನಾವಣೆ ಮುಗಿದು ಬೇರೆ ಸರ್ಕಾರ ಬಂದಿತ್ತು. ಯಾರನ್ನು ಕಾಪಾಡಿತು?

ಹರಿಹರದ ಮೇಷ್ಟ್ರು: ಮುಂದಿನವರನ್ನು. ಸ್ವಲ್ಪ ಓದಿಕೊಂಡು ಬನ್ನಿ.

ನಿಟ್ಟುವಳ್ಳಿ ಸದಸ್ಯರು: ಪಾಠ ಶಾಲೆಯಲ್ಲಿ ಮಾಡಿ. ಇಲ್ಲಿ ಎಲ್ಲರೂ ಓದಿದವರೇ.

ಅಡ್ಮಿನ್: ಇಬ್ಬರೂ ಸಾಕು ಮಾಡಿ.

ವಕೀಲರು: ಇಬ್ಬರ ಮಾತಲ್ಲೂ ನಿಜ ಇದೆ. ತಡವಾಗಿ ಬಂದ ತೀರ್ಪಿನಿಂದ ಬೊಮ್ಮಾಯಿಯವರಿಗೆ ಸರ್ಕಾರ ವಾಪಸ್ ಸಿಗಲಿಲ್ಲ. ಆ ನೋವು ನನಗೂ ಇದೆ. ಆದರೂ 9 ಜಡ್ಜ್‌ಗಳ ಆ ತೀರ್ಪಿನ ಮೇಲೆ ರಾಷ್ಟ್ರಪತಿ ಆಳ್ವಿಕೆ ಹೇರುವ 356ನೇ ವಿಧಿಯನ್ನು ಮೊದಲಿನಷ್ಟು ಸಲೀಸಾಗಿ ಬಳಸಲು ಆಗುತ್ತಿಲ್ಲ. ಸಂಸತ್ತು ದೊಡ್ಡದಾ ಕೋರ್ಟು ದೊಡ್ಡದಾ ಅಂತ ಜಗಳ ಬೇಡ. ಇಬ್ಬರಿಗೂ ಅಧಿಕಾರ ಕೊಟ್ಟಿದ್ದು ಸಂವಿಧಾನ. ಚಿತ್ರದುರ್ಗದಲ್ಲಿ ವಕೀಲಿ ಮಾಡಿದ ನಿಜಲಿಂಗಪ್ಪನವರೂ ಸಂವಿಧಾನ ಸಭೆಯಲ್ಲಿ ಕೂತಿದ್ದರು. ನಮ್ಮ ಕಡೆಯವರೂ ಸೇರಿ ಮಾಡಿದ ಏರ್ಪಾಡು ಇದು.

ಮಾಯಕೊಂಡದ ಸದಸ್ಯರು: ಮೇಡಂ, ಮಂತ್ರಿಗಳಿಗೆ ಹೇಳಿಸಿದರೆ ಕೋರ್ಟ್ ಕೇಸ್ ವಾಪಸ್...

ವಕೀಲರು: ಮೂರನೇ ಸಲ ಇದೇ ಪ್ರಶ್ನೆ. ಮೇಲೆ ಓದಿ.

ಮಾಯಕೊಂಡದ ಸದಸ್ಯರು: ಕೇಳುವುದೂ ತಪ್ಪಾ? ಉತ್ತರ ಕೊಡಲು ಇಷ್ಟ ಇಲ್ಲದಿದ್ದರೆ ಯಾಕೆ ಬಂದಿರಿ?

ಹೊನ್ನಾಳಿ ರೈತರು: ಮೇಡಂ ಊಟ ಬಿಟ್ಟು ಕೂತಿದ್ದಾರೆ. ಹಾಗೆ ಮಾತಾಡಬೇಡಿ.

ಗ್ರಾಮ ಪಂಚಾಯಿತಿ ಸದಸ್ಯೆ, ಹೊಸದುರ್ಗ: ಪಂಚಾಯಿತಿ ಈ ಮೂರರಲ್ಲಿ ಯಾವ ಅಂಗಕ್ಕೆ ಸೇರುತ್ತದೆ? ಪಂಚಾಯಿತಿಗಳಿಗೆ ಸಂವಿಧಾನದಲ್ಲಿ ಸ್ಥಾನ ಕೊಟ್ಟ 73ನೇ ತಿದ್ದುಪಡಿ ಆದ ಮೇಲೂ ಅಧಿಕಾರಿಗಳು ನಮ್ಮ ಮಾತು ಕೇಳಲ್ಲ.

ನಿಟ್ಟುವಳ್ಳಿ ಸದಸ್ಯರು: ನಾನು ಈ ಗುಂಪು ಬಿಡುತ್ತಿದ್ದೇನೆ.

ಜಗಳೂರಿನ ಸಹೋದರಿ: ಅಕ್ಕಾರೆ, ನಕಲು ಅರ್ಜಿ ಹಾಕಿಲ್ಲ. ಹಾಕಬೇಕು ಅಂತ ಯಾರೂ ಹೇಳಿರಲಿಲ್ಲ. ಅಮ್ಮ ಅಳುತ್ತಿದ್ದಾರೆ.

ವಕೀಲರು: ಅಳುವುದು ಬೇಡ, ಇನ್ನೂ 6 ದಿನ ಇದೆ. ಅಕಸ್ಮಾತ್ ತಡವಾದರೂ ಸರಿಯಾದ ಕಾರಣ ತೋರಿಸಿ ವಿಳಂಬ ಮನ್ನಾ ಕೇಳಬಹುದು. ಆದರೆ ಅದು ಸಿಕ್ಕೇ ಸಿಗುತ್ತದೆ ಅಂತ ನಂಬಿ ಕೂರಬೇಡಿ. ನಾಳೆ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಜಗಳೂರು ಕೋರ್ಟಿನಲ್ಲಿರಿ. ದಾವೆ ನಂಬರ್ ಬರೆದುಕೊಂಡು ಹೋಗಿ, ಅಮ್ಮನ ಆಧಾರ್ ಇಟ್ಟುಕೊಳ್ಳಿ. ತೀರ್ಪು ಮತ್ತು ಡಿಕ್ರಿ (ತೀರ್ಪಿನಂತೆ ಕೋರ್ಟು ಬರೆಯುವ ಆದೇಶದ ಪತ್ರ), ಎರಡರ ನಕಲಿಗೂ ಅರ್ಜಿ ಹಾಕಿ. ಹಾಕಿದ ತಕ್ಷಣ ನನಗೆ ಫೋನ್ ಮಾಡಿ. ಕೋರ್ಟ್ ಹಾಲ್‌ನಲ್ಲಿದ್ದರೆ ಎತ್ತುವುದಿಲ್ಲ, ಮಧ್ಯಾಹ್ನ ನಾನೇ ಮಾಡುತ್ತೇನೆ.