ಪತ್ನಿಗೆ ಲೂಪಸ್ ಎಂದು ತಿಳಿದುಬಂದಿದೆ, ಜೊತೆಗಿರುವವನು ಏನು ಮಾಡಬೇಕು?

ಪ್ರಶ್ನೆ (ದಾವಣಗೆರೆಯಿಂದ)

ಎಲ್ಲರಿಗೂ ನಮಸ್ಕಾರ. ನನ್ನ ಪತ್ನಿ ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕಿ. ಬೆರಳ ಗಂಟುಗಳ ನೋವು, ಬಿಟ್ಟು ಬಿಟ್ಟು ಬರುವ ಜ್ವರ, ಕೂದಲು ಉದುರುವುದು, ಬಿಸಿಲಿಗೆ ಹೋದರೆ ಮೂಗು ಕೆನ್ನೆಗಳ ಮೇಲೆ ಏಳುವ ಕೆಂಪು, ಇವೆಲ್ಲ ಒಂದೊಂದಾಗಿ ಕಾಣಿಸಿಕೊಂಡಾಗ ಒಮ್ಮೆ ರಕ್ತಹೀನತೆ ಎಂದೂ ಇನ್ನೊಮ್ಮೆ ವೈರಾಣು ಜ್ವರವೆಂದೂ ಚಿಕಿತ್ಸೆ ನಡೆಯಿತು. ಈಗ ರುಮಟಾಲಜಿಸ್ಟ್ (ಕೀಲು ಹಾಗೂ ಇಂಥ ರೋಗಗಳ ತಜ್ಞ) ಒಬ್ಬರು ರಕ್ತಪರೀಕ್ಷೆಗಳನ್ನು ನೋಡಿ ಲೂಪಸ್, ಅಂದರೆ ರೋಗನಿರೋಧಕ ವ್ಯವಸ್ಥೆ ಸ್ವಂತ ದೇಹದ ಮೇಲೆಯೇ ದಾಳಿ ಮಾಡುವ ರೋಗ, ಎಂದು ಖಚಿತಪಡಿಸಿದ್ದಾರೆ. ಹೈಡ್ರಾಕ್ಸಿಕ್ಲೋರೊಕ್ವಿನ್ ಮತ್ತು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಗಳು ಆರಂಭವಾಗಿವೆ.

ಸಂಜೆಯಾದರೆ ಅವಳಿಗೆ ಎದ್ದು ನಿಲ್ಲಲೂ ಆಗುವುದಿಲ್ಲ. ಗಂಟೆಗೊಮ್ಮೆ ‘ಹೇಗಿದ್ದೀಯ’ ಎಂದು ಕೇಳಿದರೆ ಬೇಸರಪಡುತ್ತಾಳೆ, ಕೇಳದಿದ್ದರೆ ನನಗೇ ಸಮಾಧಾನವಿಲ್ಲ. ಬಂಧುಗಳು ರೋಗನಿರೋಧಕ ಶಕ್ತಿ ಹೆಚ್ಚಲಿ ಎಂದು ಅಮೃತಬಳ್ಳಿಯ ಕಷಾಯ ಕಳಿಸುತ್ತಿದ್ದಾರೆ. ಮದುವೆಯಾಗಿ ಮೂರು ವರ್ಷವಾದುದರಿಂದ ಮಗುವಿನ ವಿಷಯವನ್ನು ನನ್ನ ತಾಯಿ ಆಗಾಗ ಎತ್ತುತ್ತಾರೆ. ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಧಾರವಾಡದಿಂದ)

ಸಹೋದರರೇ, ನಾನೂ ಹಲವು ವರ್ಷಗಳಿಂದ ಲೂಪಸ್ ಜೊತೆ ಬದುಕುತ್ತಿರುವವಳು, ಆದ್ದರಿಂದ ನಿಮ್ಮ ಪತ್ನಿಯ ಕಡೆಯಿಂದ ಬರೆಯುತ್ತೇನೆ. ಈ ಸುಸ್ತು ದಿನವಿಡೀ ದುಡಿದವರಿಗೆ ಬರುವ ಆಯಾಸದಂಥದ್ದಲ್ಲ. ರಾತ್ರಿಯಿಡೀ ನಿದ್ರಿಸಿ ಎದ್ದರೂ ಅದು ಹಾಗೆಯೇ ಉಳಿದಿರಬಹುದು, ಹೊರಗೆ ಯಾರಿಗೂ ಕಾಣುವುದೂ ಇಲ್ಲ. ‘ನೋಡಲು ಚೆನ್ನಾಗಿಯೇ ಇದ್ದೀಯಲ್ಲ’ ಎಂಬ ಮಾತು ನಮ್ಮನ್ನು ನೋಯಿಸುವಷ್ಟು ಗಂಟುನೋವೂ ನೋಯಿಸುವುದಿಲ್ಲ. ಅವರು ಆಗುವುದಿಲ್ಲ ಎಂದಾಗ ಅದನ್ನು ನಂಬಿ, ಪುರಾವೆ ಕೇಳಬೇಡಿ.

‘ಏನಾದರೂ ಸಹಾಯ ಬೇಕೇ’ ಎಂದು ಕೇಳಿದರೆ ಯೋಚಿಸಿ ಕೆಲಸ ಹಂಚುವ ಹೊಣೆ ಮತ್ತೆ ಅವರ ಮೇಲೆಯೇ ಬೀಳುತ್ತದೆ. ಅದರ ಬದಲು ಕೆಲವು ಕೆಲಸಗಳನ್ನು ಪೂರ್ತಿಯಾಗಿ ನಿಮ್ಮದಾಗಿಸಿಕೊಳ್ಳಿ: ಬೆಳಗಿನ ತಿಂಡಿ, ದೋಸೆಹಿಟ್ಟು ರುಬ್ಬುವುದು, ನೀರು ತುಂಬುವುದು, ಒದ್ದೆ ಬಟ್ಟೆ ಹಿಂಡಿ ಹರವುವುದು. ಬೆಳಿಗ್ಗೆ ಬೆರಳು ಮಡಚಲು ಆಗದವರಿಗೆ ಕುಕ್ಕರಿನ ಮುಚ್ಚಳ ತೆಗೆಯುವುದೂ ಕಷ್ಟವೇ. ಆದರೆ ಅವರು ಮಾಡಬಲ್ಲ, ಮಾಡಬೇಕೆಂದಿರುವ ಕೆಲಸವನ್ನು ಕೈಯಿಂದ ಕಿತ್ತುಕೊಳ್ಳಬೇಡಿ. ಗಣಿತ ಕಲಿಸುವುದು ಅವರಿಗೆ ಇಷ್ಟವಾಗಿದ್ದರೆ, ಕೆಲಸ ಬಿಡು ಎಂಬ ಸಲಹೆ ನಿಮ್ಮ ಬಾಯಿಂದ ಮೊದಲು ಬರಬಾರದು.

ಸ್ಟೀರಾಯ್ಡ್‌ನಿಂದ ಮುಖ ಊದಿಕೊಳ್ಳಬಹುದು, ನಿದ್ರೆ ಕೆಡಬಹುದು, ಸಣ್ಣ ವಿಷಯಕ್ಕೂ ಸಿಟ್ಟು ಬರಬಹುದು. ಆ ಮುಖದ ಬಗ್ಗೆ ಮನೆಯಲ್ಲಿ ಯಾರೂ ಟೀಕೆ ಮಾಡದಂತೆ ನೋಡಿಕೊಳ್ಳುವುದು ನಿಮ್ಮ ಪಾಲಿನ ಕೆಲಸ. ಬಿಸಿಲು ರೋಗವನ್ನು ಕೆರಳಿಸುವುದರಿಂದ ಕೊಡೆ, ತುಂಬುತೋಳಿನ ರವಿಕೆ ಮತ್ತು ಎಸ್‌ಪಿಎಫ್ 30ಕ್ಕಿಂತ ಕಡಿಮೆಯಿರದ ಸನ್‌ಸ್ಕ್ರೀನ್ ಕೂಡ ಚಿಕಿತ್ಸೆಯ ಭಾಗಗಳೇ. ಬಯಲಿನಲ್ಲಿ ನಡೆಯುವ ಬೆಳಗಿನ ಪ್ರಾರ್ಥನೆಯಿಂದ ವಿನಾಯಿತಿ ಕೇಳಬಹುದು, ಆದರೆ ಶಾಲೆಯಲ್ಲಿ ಯಾರಿಗೆ ಎಷ್ಟು ಹೇಳಬೇಕೆಂಬುದನ್ನು ಅವರೇ ನಿರ್ಧರಿಸಲಿ.

ಉತ್ತರ 2 (ಮೈಸೂರಿನಿಂದ)

ನನ್ನ ಪತ್ನಿಗೂ ಇದೇ ರೋಗವಿದೆ. ಗಂಟೆಗೊಮ್ಮೆ ವಿಚಾರಿಸುವ ಆತಂಕವನ್ನು ನಾನು ಕಡತದ ಕಡೆಗೆ ತಿರುಗಿಸಿದೆ. ದಿನಾಂಕದ ಪ್ರಕಾರ ವರದಿಗಳು, ಮಾತ್ರೆಗಳ ಪ್ರಮಾಣ, ಮುಂದಿನ ಭೇಟಿಗೆ ಕೇಳಬೇಕಾದ ಪ್ರಶ್ನೆಗಳು ಎಲ್ಲವೂ ಅದರಲ್ಲಿರುತ್ತವೆ.

ಲೂಪಸ್ ಮೂತ್ರಪಿಂಡವನ್ನು ಮುಟ್ಟಿದಾಗ ಆರಂಭದಲ್ಲಿ ನೋವೇ ಇರುವುದಿಲ್ಲ. ಆದ್ದರಿಂದ ಆರೋಗ್ಯ ಚೆನ್ನಾಗಿದೆ ಎನಿಸಿದಾಗಲೂ ಮೂತ್ರದಲ್ಲಿ ಪ್ರೋಟೀನ್ ಇದೆಯೇ ಎಂಬ ಪರೀಕ್ಷೆ ಮತ್ತು ರಕ್ತದೊತ್ತಡದ ತಪಾಸಣೆ ತಪ್ಪಬಾರದು. ಕಾಲು ಊದಿಕೊಂಡರೆ ಅಥವಾ ಮೂತ್ರದಲ್ಲಿ ನೊರೆ ಕಂಡರೆ ಮುಂದಿನ ಭೇಟಿಯವರೆಗೆ ಕಾಯಬೇಡಿ. ಹೈಡ್ರಾಕ್ಸಿಕ್ಲೋರೊಕ್ವಿನ್ ದೀರ್ಘಕಾಲದಲ್ಲಿ ಅಕ್ಷಿಪಟಲಕ್ಕೆ ತೊಂದರೆ ಕೊಡುವ ಸಾಧ್ಯತೆ ಇರುವುದರಿಂದ ಆರಂಭದಲ್ಲಿ ಒಮ್ಮೆ, ಸಾಮಾನ್ಯವಾಗಿ 5 ವರ್ಷಗಳ ನಂತರ ಪ್ರತಿವರ್ಷ ಕಣ್ಣಿನ ಪರೀಕ್ಷೆ ಮಾಡಿಸುತ್ತಾರೆ. ಸ್ಟೀರಾಯ್ಡ್ ಅನ್ನು ಮಾತ್ರ, ಊತ ಇಳಿಯಿತು ಎಂದಾಗಲಿ ಮುಖ ದಪ್ಪವಾಯಿತು ಎಂದಾಗಲಿ, ತಟ್ಟನೆ ನಿಲ್ಲಿಸಕೂಡದು. ವೈದ್ಯರೇ ಹಂತಹಂತವಾಗಿ ಇಳಿಸಬೇಕು. ಜ್ವರ ಬಂದರೆ ಅದು ರೋಗದ್ದೋ ಸೋಂಕಿನದ್ದೋ ಎಂದು ಮನೆಯಲ್ಲಿ ಊಹಿಸದೆ ಅವರಿಗೆ ತಿಳಿಸಿ. ಅಂಗಡಿಯಲ್ಲಿ ಕೇಳಿ ತರುವ ನೋವಿನ ಮಾತ್ರೆಗಳೂ ಮೂತ್ರಪಿಂಡಕ್ಕೆ ಕೆಡುಕಾಗಬಹುದು.

ಕಷಾಯದ ವಿಷಯದಲ್ಲಿ ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಇಲ್ಲಿ ರೋಗನಿರೋಧಕ ವ್ಯವಸ್ಥೆ ದುರ್ಬಲವಾಗಿಲ್ಲ, ಅದು ಸ್ವಂತ ದೇಹದ ಮೇಲೆಯೇ ತಿರುಗಿಬಿದ್ದಿದೆ. ಅದನ್ನು ಕೆರಳಿಸುವ ವಸ್ತು ನಮಗೆ ಬೇಕಾಗಿಯೇ ಇಲ್ಲ. ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಸ್ವರೋಗನಿರೋಧಕ ಸ್ವರೂಪದ ಯಕೃತ್ತಿನ ಉರಿಯೂತ ಕಂಡುಬಂದುದನ್ನು ಭಾರತದ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ಕಳಿಸಿದವರ ಪ್ರೀತಿಗೆ ಕೃತಜ್ಞತೆ ಹೇಳಿ, ವೈದ್ಯರು ಬೇಡವೆಂದಿದ್ದಾರೆ ಎಂದು ನೀವೇ ತಿಳಿಸಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ತಿಂಡಿಯ ಕೆಲಸವನ್ನು ನಾಳೆಯಿಂದಲೇ ನಾನು ವಹಿಸಿಕೊಳ್ಳುತ್ತೇನೆ. ತಾಯಿಗೆ ಏನು ಹೇಳಬೇಕೆಂಬುದೊಂದೇ ಇನ್ನೂ ಹೊಳೆಯುತ್ತಿಲ್ಲ.

ಉತ್ತರ 3 (ಮಂಗಳೂರಿನಿಂದ)

ಹೆರಿಗೆ ವಿಭಾಗದಲ್ಲಿ ಶುಶ್ರೂಷಕಿಯಾಗಿದ್ದು ನಿವೃತ್ತಳಾದವಳು ನಾನು. ಲೂಪಸ್ ಇರುವ ಅನೇಕ ಮಹಿಳೆಯರು ಆರೋಗ್ಯವಂತ ಮಕ್ಕಳ ತಾಯಂದಿರಾಗಿದ್ದಾರೆ. ಆದರೆ ಅದು ಯೋಜಿಸಿ ಆಗಬೇಕಾದ ಗರ್ಭಧಾರಣೆ. ರೋಗ ಕನಿಷ್ಠ 6 ತಿಂಗಳು ಶಾಂತವಾಗಿರಬೇಕು ಎಂದು ತಜ್ಞರು ಹೇಳುತ್ತಾರೆ. ಹೈಡ್ರಾಕ್ಸಿಕ್ಲೋರೊಕ್ವಿನ್ ಅನ್ನು ಗರ್ಭಾವಸ್ಥೆಯಲ್ಲಿಯೂ ಮುಂದುವರಿಸುತ್ತಾರೆ, ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಮೈಕೊಫೆನೊಲೇಟ್‌ನಂಥ ಔಷಧಿಯನ್ನಾದರೆ ಮೊದಲೇ ಬದಲಾಯಿಸಬೇಕಾಗುತ್ತದೆ. ಅಲ್ಲಿಯವರೆಗೆ ಯಾವ ಗರ್ಭನಿರೋಧಕ ಸೂಕ್ತ ಎಂಬುದನ್ನೂ ಕೇಳಿಕೊಳ್ಳಿ, ಏಕೆಂದರೆ ಈಸ್ಟ್ರೊಜೆನ್ ಹಾರ್ಮೋನ್ ಇರುವ ಗುಳಿಗೆಗಳು ಎಲ್ಲರಿಗೂ ಹೊಂದುವುದಿಲ್ಲ.

ತಾಯಿಯವರಿಗೆ ಉತ್ತರಿಸಬೇಕಾದವರು ಮಗನಾದ ನೀವು, ಸೊಸೆಯಲ್ಲ. ಏನು ಹೇಳಬಹುದು ಎಂದು ಮೊದಲು ಪತ್ನಿಯನ್ನು ಕೇಳಿ, ಅವರು ಒಪ್ಪಿದಷ್ಟನ್ನೇ ಹೇಳಿ. ‘ಅಮ್ಮಾ, ಮಗುವಿನ ವಿಷಯವನ್ನು ನಾವಿಬ್ಬರೂ ಡಾಕ್ಟರ ಜೊತೆ ಮಾತನಾಡಿ ನಿರ್ಧರಿಸುತ್ತೇವೆ, ಅಲ್ಲಿಯವರೆಗೆ ಅವಳನ್ನು ಕೇಳಬೇಡಿ, ಕೇಳುವುದಿದ್ದರೆ ನನ್ನನ್ನು ಕೇಳಿ’ ಎಂದರೆ ಸಾಕು. ಮುಂದಿನ ಭೇಟಿಗೆ ಹೋಗುವ ಮುನ್ನ, ಆಂಟಿಫಾಸ್ಫೊಲಿಪಿಡ್ ಮತ್ತು ಆಂಟಿ-ರೊ ಎಂಬ, ಗರ್ಭಕ್ಕೆ ತೊಂದರೆ ಕೊಡಬಹುದಾದ ಪ್ರತಿಕಾಯಗಳ ರಕ್ತಪರೀಕ್ಷೆ ಆಗಿದೆಯೇ ಎಂದು ವರದಿಗಳಲ್ಲಿ ನೋಡಿಕೊಳ್ಳಿ. ಆಗಿರದಿದ್ದರೆ ವೈದ್ಯರನ್ನು ಕೇಳಿ, ಗರ್ಭಧಾರಣೆಯ ಯೋಜನೆಗೆ ಆ ಫಲಿತಾಂಶಗಳು ಬೇಕಾಗುತ್ತವೆ.