ವಿಚಾರಣೆಯ ಕಡತ ಸಿಕ್ಕಿತು, ಬಂಧನದ ಕಾರಣ ಎಲ್ಲಿ?

ಪ್ರಶ್ನೆ: ನಮಸ್ತೆ ಸರ್. ಯುದ್ಧಕಾಲದಲ್ಲಿ ಕೋರ್ಟಿಗೂ ಹಾಜರುಪಡಿಸದೆ ಸೆರೆಯಲ್ಲಿಟ್ಟವರ ಬಗ್ಗೆ ಸಂಶೋಧನೆ ಮಾಡ್ತಿದ್ದೇನೆ. 1942ರ ಮಾರ್ಚ್‌ನಲ್ಲಿ ಸಿಡ್ನಿಯಲ್ಲಿ ಬ್ರಿಟನ್ನಿಗಿಂತ ಆಸ್ಟ್ರೇಲಿಯಾದ ಹಿತವೇ ಮೊದಲು ಎನ್ನುತ್ತಿದ್ದ 'ಆಸ್ಟ್ರೇಲಿಯಾ ಫಸ್ಟ್' ಚಳವಳಿಯ 16 ಮಂದಿಯನ್ನು ಹಿಡಿದರಲ್ಲ, ಅದರ ಬಗ್ಗೆ ನ್ಯಾಯಮೂರ್ತಿ ಕ್ಲೈನ್ 1944-45ರಲ್ಲಿ ನಡೆಸಿದ ವಿಚಾರಣೆಯ ದಾಖಲೆ ಓದುತ್ತಿದ್ದೇನೆ. ಹೇಳಿಕೆಗಳು ರಾಶಿ ಇವೆ. ಆದರೆ ಒಬ್ಬೊಬ್ಬರನ್ನೂ ಯಾಕೆ ಹಿಡಿದರು ಅನ್ನೋದೇ ತಿಳೀತಿಲ್ಲ.

ಉತ್ತರ: ಬಂಧನದ ಕಾರಣ ಬೇಕಿದ್ದರೆ ವಿಚಾರಣೆಯ ಕಡತ ಒಂದೇ ಸಾಲದು ಮೇಡಂ. ಅದು ಎರಡು ವರ್ಷ ಕಳೆದ ಮೇಲೆ ವಕೀಲರ ಎದುರು ಆಡಿದ ಮಾತು. ಅಷ್ಟು ಹೊತ್ತಿಗೆ ಹಿಡಿದವರೂ ಹಿಡಿಸಿಕೊಂಡವರೂ ತಮ್ಮ ತಮ್ಮ ಕಥೆ ಸರಿಮಾಡಿಕೊಂಡಿರುತ್ತಾರೆ. ಸೇನಾ ಗುಪ್ತಚರ ವಿಭಾಗದ ಕಡತ, ಭದ್ರತಾ ಇಲಾಖೆಯ ವೈಯಕ್ತಿಕ ಕಡತ, ಅಟಾರ್ನಿ ಜನರಲ್ ಕಚೇರಿಯ ಪತ್ರವ್ಯವಹಾರ, ಈ ಮೂರನ್ನೂ ಕ್ಯಾನ್‌ಬೆರಾದ ರಾಷ್ಟ್ರೀಯ ಪತ್ರಾಗಾರದ ಸೂಚಿಯಲ್ಲಿ ಹೆಸರು ಹಿಡಿದು ಹುಡುಕಿ.

ಕೈಗೆ ಸಿಕ್ಕ ಪ್ರತಿ ಹಾಳೆಯ ತಾರೀಖು ನೋಡಿ. ಸಿಡ್ನಿ ಬಂಧನ ಆದದ್ದು ಮಾರ್ಚ್ 10ರಂದು. ಅದಕ್ಕೆ ಮುಂಚಿನ ಕಾಗದ ಒಂದು ಕಡೆ, ಆಮೇಲೆ ಸಮರ್ಥನೆಗೆಂದು ಕೂಡಿಹಾಕಿದ್ದು ಇನ್ನೊಂದು ಕಡೆ ಇಡಿ. ಮುಂಚಿನ ಕಟ್ಟು ತೆಳ್ಳಗಿದ್ದರೆ ಅದೇ ನಿಮ್ಮ ಪ್ರಬಂಧದ ಮುಖ್ಯ ಸಂಗತಿ! ಹಾಳೆಯ ಮೂಲೆಯಲ್ಲಿ ನಿಶಾನೆ ಸಂಖ್ಯೆ (ಸಾಕ್ಷ್ಯವಾಗಿ ಕೊಟ್ಟ ಕಾಗದಕ್ಕೆ ಹಾಕುವ ಅಂಕಿ) ಇದ್ದರೆ ಅದು ವಿಚಾರಣೆಯಲ್ಲಿ ಹಾಜರಾದ ಪ್ರತಿ. ಮೂಲ ಬೇರೆ ಕಡತದಲ್ಲಿರಬಹುದು, ಅಲ್ಲಿ ಅಧಿಕಾರಿಯ ಕೈಬರಹದ ಷರಾ ಸಿಕ್ಕರೂ ಸಿಕ್ಕೀತು.

ಜಪಾನಿಗೆ ನೆರವಾಗಲು ಸಂಚು ಹೂಡಿದರೆಂದು ಅದೇ ತಿಂಗಳು ನಾಲ್ವರನ್ನು ಹಿಡಿದ ಪರ್ತ್‌ನ ಪ್ರಕರಣವನ್ನು ಇದರ ಜೊತೆ ಬೆರೆಸಬೇಡಿ. ಅಲ್ಲಿನ ನಾಲ್ವರ ಗುಂಪಿಗೆ ಪೊಲೀಸರ ಮನುಷ್ಯನೇ ನುಸುಳಿದ್ದ. ಕೇಸು ಕೋರ್ಟಿಗೆ ಹೋಗಿ ಇಬ್ಬರಿಗೆ ಶಿಕ್ಷೆ, ಇಬ್ಬರಿಗೆ ಖುಲಾಸೆ ಆಯಿತು. ಸಿಡ್ನಿಯವರಿಗೂ ಅವರಿಗೂ ನಂಟು ಬಲು ಕಡಿಮೆ. ಆದರೂ ಸೇನಾ ಸಚಿವ ಫೋರ್ಡ್ ಸಂಸತ್ತಿನಲ್ಲಿ ಮಾತಾಡಿದ ರೀತಿಗೆ ಎರಡೂ ಒಂದೇ ಸಂಚೆಂಬಂತೆ ಜನ ತಿಳಿದರು.

ಪ್ರಶ್ನೆ: ಕ್ಲೈನ್ ವರದಿ ಎಂಟು ಮಂದಿಯ ಬಂಧನ ಸರಿಯಲ್ಲ ಅಂದಿದೆ. ಹಾಗಾದರೆ ಉಳಿದವರು ತಪ್ಪಿತಸ್ಥರು ಅಂತ ಬರೆಯಬಹುದಾ?

ಉತ್ತರ: ಖಂಡಿತ ಬೇಡ. ಉಳಿದವರನ್ನು ಹಿಡಿದಿಡಲು ಆಗ ಆಧಾರವಿತ್ತು ಎಂದದ್ದಷ್ಟೇ. ಅಪರಾಧ ಸಾಬೀತಾಯಿತು ಅಂತಲ್ಲ. ಚಳವಳಿಯ ಮುಂದಾಳು ಸ್ಟೀಫನ್‌ಸನ್ ಮೇಲೆ ಮೊಕದ್ದಮೆಯೇ ನಡೆಯಲಿಲ್ಲ, 1945ರ ಆಗಸ್ಟ್‌ವರೆಗೂ ಒಳಗಿದ್ದರು. ಅವರ ರಾಜಕೀಯ ನನಗೂ ಹಿಡಿಸದು, ಯೆಹೂದಿ ದ್ವೇಷ ಕಾರಿದ ಮನುಷ್ಯ. ಆದರೆ ಅದು ಬೇರೆ ಲೆಕ್ಕ.

ಇನ್ನೊಂದು ಮಾತು: ಸಿಡ್ನಿಯವರನ್ನು ಹಿಡಿದದ್ದು ಆಸ್ಟ್ರೇಲಿಯಾದ ರಾಷ್ಟ್ರೀಯ ಭದ್ರತಾ ನಿಯಮಗಳ 26ನೇ ನಿಯಮದಡಿ. ನಮ್ಮಲ್ಲೂ ಭಾರತ ರಕ್ಷಣಾ ನಿಯಮಗಳ 26ನೇ ನಿಯಮದಡಿಯೇ ಹೀಗೆ ಬಂಧಿಸುತ್ತಿದ್ದರು. 1943ರಲ್ಲಿ ಕೇಶವ ತಳಪದೆ ಪ್ರಕರಣದಲ್ಲಿ ಫೆಡರಲ್ ಕೋರ್ಟು ಅದನ್ನು ಅಸಿಂಧು ಎಂದಿತು, ಸರ್ಕಾರ ಸುಗ್ರೀವಾಜ್ಞೆ ತಂದು ತೇಪೆ ಹಾಕಿತು. ಹೋಲಿಕೆಗೆ ಒಂದು ಅಧ್ಯಾಯ ಇಡಬಹುದು.

ಪತ್ರಾಗಾರದ ಸೂಚಿಯಲ್ಲಿ 'ಪರಿಶೀಲಿಸಿಲ್ಲ' (ಅಂದರೆ ಸಾರ್ವಜನಿಕರಿಗೆ ಕೊಡಬಹುದೇ ಎಂದು ಇನ್ನೂ ನೋಡಿಲ್ಲ) ಎಂದಿರುವ ಕಡತಗಳಿಗೆ ಈಗಲೇ ಅರ್ಜಿ ಹಾಕಿಬಿಡಿ. ಬರೋದು ತಡ ಆಗುತ್ತೆ.