ಅವ್ವನ ಸೀರಿ ಕೌದಿ ಕೆಟ್ಟದ: ಬಿಚ್ಚಬೇಕೋ, ಹಂಗ ಇಡಬೇಕೋ? ಅನುಭವ ಇದ್ದವ್ರು ಹೇಳ್ರಿ

ಅಕ್ಕಲಕೋಟದಿಂದ ಕೇಳಿದ್ದು:
ಅವ್ವ ಹೋದ ಮ್ಯಾಲ ಆಕಿ ಇಳಕಲ್ಲ ಸೀರಿ, ಅಪ್ಪಾರ ಧೋತರ ಕೂಡಿಸಿ ಕೌದಿ ಹೊಲಿಸೀನಿ. ಕೂಲಿ 1,800, ದಾರ 140, ಅಂಚಿನ ಪಟ್ಟಿ ಅರಬಿ 260. ಮೊದಲ್ನೇ ಸಲ ಒಗದಾಗ ಸೆರಗಿನ ಕೆಂಪು ಇಳದು ಧೋತರದ ಮಗ್ಗಲಿಗೆ ಗುಲಾಬಿ ಕಲಿ ಬಿದ್ದಾವ. ನಡುವಿನ ಭಾಗ ಉಬ್ಬಿ ಸುಕ್ಕಗಟ್ಟಿ ನಿಂತದ. ಹೊಚ್ಚಕೊಳ್ಳಾಕ ಮನಸಾಗವಲ್ದು, ಟ್ರಂಕಿನ್ಯಾಗ ಇಟ್ಟೀನಿ. ಇಂಥಾದ್ದನ್ನ ಉಳಿಸಿಕೊಂಡವ್ರು ಯಾರರ ಇದ್ರ ಹೇಳ್ರಿ.

ಮಂದ್ರೂಪ, ದಕ್ಷಿಣ ಸೋಲಾಪುರ:
ಬಿಚ್ಚ್ರಿ ಅಕ್ಕಾರ, ಪೂರಾ ಬಿಚ್ಚ್ರಿ. ನಮ್ಮ ಅತ್ತಿಯವ್ರ ಕೌದಿ ನಾ ಬಿಚ್ಚಿ ಹೊಲದೀನಿ. ಮೊದ್ಲ ಹೊಲದಾಕಿ ನೈಲಾನ ದಾರ ಹಾಕಿದ್ಲು, ಗಟ್ಟಿ ಇರತದ ಅಂತ. ದಾರ ಗಟ್ಟಿನೇ ಉಳೀತು, ಅರಬಿ ಹರೀತು. ಹಳೀ ಹತ್ತಿ ಅರಬಿಯನ್ನ ನೈಲಾನ ಕೊಯ್ಯತದ, ಸಾಲಿನಗುಂಟ ಸೀಳಿಕೋತ ಹೋಗತದ. ಹೊಲಿಗಿ ಅಂಚಿನಿಂದ ಸುತ್ತ ಹಾಕ್ಕೋತ ಬಂದು ನಡುವ ಮುಗದಿರತದಲ್ಲ, ಬಿಚ್ಚುವಾಗ ನಡುವಿನಿಂದ ಹೊರಗ ಹೋಗಬೇಕು. ದಾರ ಎಳೀಬಾರದು. ನಾಕು ಟಾಕಿಗೊಮ್ಮೆ ಕತ್ತರಿಸಿ ಹಿಂದಿನ ಮಗ್ಗಲಿಂದ ತಗೀಬೇಕು. ಬ್ಲೇಡ ಅಂತೂ ಮುಟ್ಟಬ್ಯಾಡ್ರಿ, ಹೊಲಿಗಿ ಬಿಚ್ಚೋ ಕೊಕ್ಕಿ 30 ರೂಪಾಯಿಗೆ ಸಿಗತದ. ಹತ್ತಿ ದಾರ 220, ದಾರಕ್ಕ ತಿಕ್ಕಲಾಕ ಮೇಣ 40, ಹರದಲ್ಲಿ ತ್ಯಾಪಿ ಹಾಕಲಾಕ ಅರಬಿ 300. ಕೂತು ಕೂತು ಕಣ್ಣಿಗೆ ತ್ರಾಸ ಆತು, ಹೊಸ ಚಸ್ಮಾ 1,450. ಇಷ್ಟ ರೊಕ್ಕದಾಗ ಎರಡ ಸೋಲಾಪುರಿ ಚಾದರ ಬರ್ತಿದ್ವು ಅಂತ ಮನಿಯವ್ರು ಇವತ್ತಿಗೂ ಅಂತಾರ. ಅನ್ಲಿ. ಅತ್ತಿಯವ್ರ ಹಸರ ಸೀರಿ ದಿನಾ ನನ್ನ ಮೈಮ್ಯಾಲ ಅದ.

ಸೋಲಾಪುರ, ಟಾವೆಲ್ ಕಾರ್ಖಾನಿ ಬಣ್ಣದ ಖಾತೆದಾಗ ದುಡದವ:
ಯಾರರ ಬಂದು ಉಪ್ಪ ಹಾಕ್ರಿ ಅಂತ ಬರಿಯೂದಕ್ಕಿಂತ ಮೊದ್ಲ ಹೇಳತೀನಿ. ಬಣ್ಣ ನೂಲಿಗೆ ಹತ್ತಲಿ ಅಂತ ಬಣ್ಣದ ನೀರಿಗೆ ಉಪ್ಪ ಹಾಕತಾರ. ಬಣ್ಣ ಹಾಕಿ ಮುಗದ ಅರಬಿಗೆ ಮನ್ಯಾಗ ಉಪ್ಪ ಹಾಕಿದ್ರ ಬಣ್ಣ ನಿಂದರಂಗಿಲ್ಲ. ರಿಯಾಕ್ಟಿವ್ ಬಣ್ಣ (ನೂಲಿನ ಕೂಡ ರಾಸಾಯನಿಕವಾಗಿ ಬೆಸಿಯೂವಂಥಾದ್ದು) ಇದ್ರ ನೂಲಿಗೆ ಹತ್ತಲಾರದ ಉಳದ ಬಣ್ಣ ಬಿಸಿ ಸಾಬೂನ ನೀರಾಗ ಬಿಟ್ಟು ಹೋಗತದ. ಡೈರೆಕ್ಟ್ ಬಣ್ಣ (ಹಂಗ ಬೆಸೀಲಾರದ ಸುಮ್ನ ಹತ್ತಿರೂವಂಥಾದ್ದು) ಇದ್ರ ಒಗದಾಗೊಮ್ಮೆ ಇಳೀತದ, ನೀರು ಬಿಸಿ ಇದ್ದಷ್ಟೂ ಹೆಚ್ಚು ಇಳೀತದ. ನನ್ನ ತಂಗಿ ಕೌದಿ ಬರೇ ಹತ್ತಿದು, ಬಣ್ಣ ರಿಯಾಕ್ಟಿವ್. ಅದನ್ನ ದೊಡ್ಡ ಟಬ್ಬಿನ್ಯಾಗ 60 ಡಿಗ್ರಿ ನೀರಾಗ ಮುಳುಗಿಸಿ, ನೀರು ತಿಳಿ ಆಗೂತನಕ ಬದಲಿಸಿಕೋತ ಕೂತೆ. ಗ್ಯಾಸ ಅರ್ಧ ಸಿಲಿಂಡರ ಹೋತು, ಸೊಂಟ ಹಿಡೀತು, ಬೆಳೀ ಅರಬಿ ಬೆಳ್ಳಗಾತು. ಅಳಿಯನ ಮನಿ ಕೌದಿದಾಗ ಡೈರೆಕ್ಟ್ ಕೆಂಪಿತ್ತು. ಅದಕ್ಕ ತಣ್ಣೀರು, ಬಣ್ಣದಂಗಡಿ ಫಿಕ್ಸರ (ಬಣ್ಣ ಇಳೀದಂಗ ಹಿಡದಿಡೋ ಮದ್ದು) ಹಾಕಿದೆ. ಇದ್ದ ಕಲಿ ಹೋಗಲಿಲ್ಲ, ಹೊಸಾವು ಬೀಳಲಿಲ್ಲ. ರೇಷ್ಮಿ ಇದ್ರ ಬ್ಲೀಚಿಂಗ್ ಪೌಡರ ಮನಿ ಹೊಸ್ತಿಲಾ ದಾಟಬಾರದು, ರೇಷ್ಮಿ ಕರಗಿ ಹೋಗತದ. ಕಲಿ ಹೋಗೂತನಕ ಇಸ್ತ್ರಿನೂ ಮಾಡಬ್ಯಾಡ್ರಿ.

ಜತ್ತ ತಾಲೂಕ:
ಕಾಕಾರ, ನಿಮ್ಮ ಟಬ್ಬ ನಿಮ್ಮ ಹಂತ್ಯಾಕ ಇರ್ಲಿ. ಬ್ಯಾಸಗಿಗೆ ಟ್ಯಾಂಕರ ದಾರಿ ಕಾಯೋ ಊರಾಗ ‘ತಿಳಿ ಆಗೂತನಕ ಬದಲಿಸ್ರಿ’ ಅನ್ನೂದು ಭಾಳ ಹಗುರ. ಉಪ್ಪಿನ ನೀರಾಗ ನಮ್ಮವ್ವ, ಆಕಿ ಅವ್ವ ಎಲ್ಲಾರೂ ನೆನಿ ಇಟ್ಟಾರ. ನಾನೂ ಇಡತೀನಿ. ನನ್ನ ಕೌದಿಗೆ ಕಲಿ ಬಿದ್ದಾಗ ಒಗಿಯೋ ಉಸಾಬರಿಗೇ ಹೋಗಲಿಲ್ಲ, ಕಲಿ ಮಗ್ಗಲಕ್ಕ ಗುಳೇದಗುಡ್ಡದ ಖಣ ಹಾಕೀನಿ. ಖಣದ ಅಗಲ ಕಡಿಮಿ, ಜೋಡಿಸಿ ಜೋಡಿಸಿ ಹನ್ನೊಂದ ಖಣ ಹಿಡೀತು. ತಲಾ 110ರಂಗ 1,210. ಜೋಡಿಸಿದ ಟೇಲರಗ 350. ಮ್ಯಾಲ ಒಂದ ಪದರ ಕೂಡಿದ್ದಕ್ಕ ಹಸಿ ಇದ್ದಾಗ ಇಬ್ಬರು ಹಿಡದರೂ ಏಳಂಗಿಲ್ಲ. ಒಣಹಾಕಿದ ತಂತಿ ಹರದು ಪೂರಾ ಕೌದಿ ಮಣ್ಣಾಗ ಬಿತ್ತು, ಮತ್ತ ಒಗಿಯೂದಾತು, ಮತ್ತ ನೀರು. ತಂತಿ 180. ಆದ್ರ ಈಗ ಹಾಸಿದ್ರ ಬಂದವ್ರು ಕಣ್ಣ ಕೀಳಂಗಿಲ್ಲ.

ಸೋಲಾಪುರದವ:
ತಂಗಿ, ನಿಮ್ಮವ್ವನ ಕಾಲದಾಗ ಅರಬಿ ಬ್ಯಾರೆ, ಬಣ್ಣ ಬ್ಯಾರೆ. ಉಪ್ಪಿಂದ ನಿಂತದ್ದಲ್ಲ, ಇಳಿಯೂದೆಲ್ಲಾ ಇಳದು ಮುಗದಿತ್ತು. ನೀರಿನ ಮಾತು ಖರೆ ಅದ, ಒಪ್ಪತೀನಿ. ಉಪ್ಪಿಂದು ಒಪ್ಪಂಗಿಲ್ಲ.

ಗಡಹಿಂಗ್ಲಜ:
ಎಲ್ಲಾರೂ ಕಲಿ ಹಿಡಕೊಂಡ ಕುಂತೀರಿ. ನಮ್ಮ ಕೌದಿ ಮಶೀನ ಹೊಲಿಗಿದು, 2,400 ಕೊಟ್ಟ ಹೊಲಿಸಿದ್ವಿ, ಹಲಗಿ ಹಾಂಗ ಬಿರಸಾತು. ನಾ ಅದನ್ನ ಎರಡ ಮಾಡಿ ಮೊಮ್ಮಕ್ಕಳಿಗೆ ತೊಟ್ಟಿಲ ಕೌದಿ ಮಾಡಸೀನಿ. ಚೊಲೋ ಇದ್ದ ಭಾಗ ಬಂತು, ಸುಕ್ಕಿದ್ದು ಹೋತು, ಹೊಸ ಅಂಚಿಗೆ 190. ಮುಗೀತು.

ಮಂದ್ರೂಪ:
ಅವ್ವನ ಸೀರಿಗೆ ಕತ್ತರಿ ಹಾಕ್ರಿ ಅಂತ ಹೇಳಾಕ ನಾಲಿಗಿ ಹ್ಯಾಂಗ ಬರತದ ನಿಮಗ?

ಗಡಹಿಂಗ್ಲಜ:
ಟ್ರಂಕಿನ್ಯಾಗ ನುಸಿ ತಿನ್ನೂದಕ್ಕಿಂತ ಕೂಸಿನ ಮ್ಯಾಲ ಇದ್ರ ಅವ್ವಗ ಸಮಾಧಾನ ಆಗೂದಿಲ್ಲೇನ್ರಿ? ನಿಮ್ಮ ಚಸ್ಮಾದ ಲೆಕ್ಕ ನಾವು ಕೇಳಿದ್ವೇನು?

ಉಮದಿ ಕಡೆಯಾಕಿ, ಕೌದಿ ಹೊಲಿಯಾಕಿ:
ಹೊಲದಾಕಿನ ಕೆಡಿಸಿದ್ಲು ಅನ್ನೂ ಹಾಂಗ ಬರದೀರಿ. 1,800ಕ್ಕ ಒಂದ ದೊಡ್ಡ ಕೌದಿ, ಎಷ್ಟ ದಿನ ಬೊಗ್ಗಿ ಕೂಡಬೇಕು ಗೊತ್ತೈತಿ? ಬಟ್ಟಿ ತರವ್ರು ಒಗೀಲಾರದ ತರ್ತಾರ. ಹತ್ತಿ, ಟೆರಿಲಿನ, ರೇಷ್ಮಿ ಎಲ್ಲಾ ಒಂದ ಗಂಟಿನ್ಯಾಗ. ಇಳಕಲ್ಲ ಸೀರಿ ಒಡಲು ಹತ್ತಿ ಇದ್ರ ಸೆರಗು ರೇಷ್ಮಿ, ಇಲ್ಲಾ ಆರ್ಟ ಸಿಲ್ಕ (ಕೃತಕ ರೇಷ್ಮಿ). ಒಂದ ಸೀರಿದಾಗ ಎರಡ ಜಾತಿ ನೂಲು. ನೀರಿಗೆ ಬಿದ್ದಾಗ ಅವೆರಡೂ ಒಂದ ಸಮ ಕುಗ್ಗಂಗಿಲ್ಲ. ‘ಎಲ್ಲಾ ಮೊದ್ಲ ಒಗದ ಒಣಗಿಸಿ ತರ್ರಿ’ ಅಂದ್ರ ‘ಹೊಸಾವ ಅದಾವ, ಹೊಲಿ’ ಅಂತಾರ.
ಅಕ್ಕಲಕೋಟದ ಅಕ್ಕಾರ, ನಿಮ್ಮದು ಪೂರಾ ಬಿಚ್ಚೂದ ಬ್ಯಾಡ. ಅಂಚಿನಿಂದ ಒತ್ತಕೋತ ಬಂದ ಅರಬಿ ನಡುವ ಕೂಡತೈತಿ, ಅದಕ್ಕ ಉಬ್ಬೈತಿ. ನಡುವಿನ ಸುತ್ತಷ್ಟ ಬಿಚ್ಚಿ, ನೆಲದ ಮ್ಯಾಲ ಹಾಸಿ, ನಾಕೂ ಮೂಲಿಗೆ ಕಲ್ಲಿಟ್ಟು, ಅಂಗೈಲೆ ಸವರಿ ಹೆಚ್ಚಾದದ್ದನ್ನ ಒಂದ ಕಡೆ ತರ್ರಿ. ಮ್ಯಾಲಿನ ಪದರದಾಗ ಹೆಚ್ಚಾದ ಪಟ್ಟಿ ಒಳಗ ಮಡಚಿ ಹೊಲೀರಿ. ಕತ್ತರಿ ಬ್ಯಾಡ. ಆ ಮಡಿಕಿ ಮ್ಯಾಲ ಚೌಕ ತ್ಯಾಪಿ ಹಾಕಿದ್ರ ಅದ ನಕ್ಷಿ ಆಗತೈತಿ. ದಾರ ಬಿಗಿ ಎಳೀಬ್ಯಾಡ್ರಿ, ಟಾಕಿ ತುದಿ ಸಡಲ ಇರ್ಲಿ.

ಜತ್ತ ತಾಲೂಕ:
ಕೂಲಿ ಮಾತು ಬಂತಲ್ಲ, ನಮ್ಮ ಕಡೆ 1,200ಕ್ಕೂ ಹೊಲೀತಾರ.

ಉಮದಿ ಕಡೆಯಾಕಿ:
ಖಣಕ್ಕ 1,210 ಕೊಟ್ಟೀರಿ, ಹೊಲದ ಕೈಗೆ 1,200. ಹೊಲದಾಕಿ ಮುಂದ ನಿಂತ ಈ ಮಾತ ಹೇಳ್ರಿ ನೋಡೂಣು.

ಜತ್ತ ತಾಲೂಕ:
ನಾ ಕೇಳಿದ ದರ ಹೇಳೀನಿ, ನಿಮಗ್ಯಾಕ ಇಷ್ಟ ಸಿಟ್ಟು? ಒಪ್ಪಿದವ್ರ ಕಡೆನ ಹೊಲಸೀವಿ.

ಉಮದಿ ಕಡೆಯಾಕಿ:
ಮನ್ಯಾಗ ಹಿಟ್ಟ ಇಲ್ದಾಕಿ ಒಪ್ಪತಾಳ. ಅದನ್ನ ದರ ಅನ್ನಬ್ಯಾಡ್ರಿ.

ಅಕ್ಕಲಕೋಟದಿಂದ ಕೇಳಿದಾಕಿ:
ಜಗಳ ಬ್ಯಾಡ್ರಿ ಅಕ್ಕಗೋಳ. ನಾ ಕೂಲಿ ಕೊಟ್ಟದ್ದು ಆಕಿ ಹೇಳಿದಷ್ಟು, ಚೌಕಾಸಿ ಮಾಡಿಲ್ಲ. ಇವತ್ತ ಬೆಳೀ ಅರಬಿ ತಣ್ಣೀರಾಗ ಹಿಂಡಿ ಸೆರಗಿನ ಮ್ಯಾಲ ಒತ್ತಿ ನೋಡಿದೆ, ಕೆಂಪು ಹತ್ತಿತು. ಕಾಕಾರ, ಅಂದ್ರ ಬಿಸಿನೀರು ಬ್ಯಾಡೇನ್ರಿ?

ಸೋಲಾಪುರದವ:
ಸೆರಗು ರೇಷ್ಮಿ ಇರಬಹುದು, ಮ್ಯಾಲ ತಣ್ಣೀರಿಗೇ ಬಣ್ಣ ಇಳೀಲಾಕತ್ತದ. ಬಿಸಿನೀರು ಬ್ಯಾಡ್ರಿ. ಫಿಕ್ಸರ ತಗೊಳ್ಳುವಾಗ ಸೆರಗಿನ ತುಣುಕ ತೋರಿಸಿ ಕೇಳ್ರಿ, ಹತ್ತಿದು ಬ್ಯಾರೆ, ರೇಷ್ಮಿದು ಬ್ಯಾರೆ. ಧೋತರದ ಕಲಿ ಮ್ಯಾಲ ಏನರ ಹಾಕಿ ಮುಚ್ಚೂದ ಚೊಲೋ.

ಜತ್ತ ತಾಲೂಕ:
ಅದನ್ನ ನಾ ಮೊದ್ಲ ಹೇಳಿದ್ನಲ್ರಿ ಕಾಕಾರ.

ಉಮದಿ ಕಡೆಯಾಕಿ:
ಖಣ ಬ್ಯಾಡ, ಭಾರ ಆಗತೈತಿ. ಅವ್ವನ ಹಳೀ ಜಂಪರ ಉಳದಿದ್ರ ಅದರವ ತ್ಯಾಪಿ ಹಾಕ್ರಿ, ಕಲಿ ಇದ್ದಲ್ಲಿ ಅಷ್ಟ. ಮೊದ್ಲ ಒಗದ ನೋಡ್ರಿ, ಅವೂ ಬಣ್ಣ ಬಿಟ್ಟಾವು.